ಕೊರಿಯಾದ ಕುಟುಂಬವೊಂದರ ಪಿತೃಕಾರ್ಯದಲ್ಲಿ

ವ್ಯವಹಾರದ ಮಾತುಕತೆಗೆಂದು ಪರದೇಶಕ್ಕೆ ಹೋದವನು ಅಲ್ಲಿ ಅನ್ಯರ ಮನೆಯ ಪಿತೃಕಾರ್ಯದಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ ಬಂದೆನೆಂದರೆ ನಮ್ಮ ವರ್ತಕ ಬಾಂಧವರು ನಗಬಹುದು. ಆಹ್ವಾನ ಬಂದಾಗ ನನಗೂ ನಗು ಬಂದಿತ್ತು. ಆದರೆ ಆ ಒಂದು ದಿನದಲ್ಲಿ ಕಂಡದ್ದು, ಮೂವತ್ತು ವರ್ಷಗಳಿಂದ ಕುಟುಂಬ ಉದ್ದಿಮೆಗಳ ಲೆಕ್ಕಪತ್ರಗಳನ್ನು ನೋಡುತ್ತ ಬಂದಿರುವ ನನ್ನನ್ನು ಇಂದಿಗೂ ಯೋಚನೆಗೆ ಹಚ್ಚಿದೆ. ಆದ್ದರಿಂದಲೇ ಈ ಲೇಖನ.

2023ರ ನವೆಂಬರ್ ತಿಂಗಳಿನಲ್ಲಿ, ಪೀಣ್ಯದಲ್ಲಿ ಲೋಹದ ಬಿಡಿಭಾಗಗಳ ಕಾರ್ಖಾನೆ ನಡೆಸುವ ಉದ್ಯಮಿಯೊಬ್ಬರೊಡನೆ ದಕ್ಷಿಣ ಕೊರಿಯಾದ ದೇಗು ನಗರಕ್ಕೆ ಹೋಗಬೇಕಾಗಿ ಬಂದಿತು. ಅಲ್ಲಿಯ ಮಧ್ಯಮ ಗಾತ್ರದ ಕಾರ್ಖಾನೆಯೊಂದರಿಂದ ಪ್ರೆಸ್ ಯಂತ್ರಗಳನ್ನು ಕೊಳ್ಳುವ ಒಪ್ಪಂದ. ಹಣ ಪಾವತಿಯ ಕಂತು, ಸುಂಕ, ತಾಂತ್ರಿಕ ನೆರವಿನ ಶುಲ್ಕದ ಮೇಲಿನ ತೆರಿಗೆ ಇತ್ಯಾದಿ ವಿಷಯಗಳಿಗೆ ನನ್ನ ಅಗತ್ಯವಿತ್ತು. (ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಬೇಡವೆಂದಿದ್ದಾರೆ.) ಶನಿವಾರ ಸಂಜೆಯಾದರೂ ಮಾತುಕತೆ ಮುಗಿಯಲಿಲ್ಲ. ಅರವತ್ತು ದಾಟಿದ ಕಾರ್ಖಾನೆಯ ಮಾಲೀಕರು, "ನಾಳೆ ನಾನು ಊರಿನಲ್ಲಿರುವುದಿಲ್ಲ, ಹಿರಿಯರ ದಿನ. ನೀವೂ ಬನ್ನಿ, ಸೋಮವಾರ ಮುಂದುವರಿಸೋಣ" ಎಂದರು. ಶಿಷ್ಟಾಚಾರದ ಮಾತೆಂದು ಭಾವಿಸಿದೆವು. ಬೆಳಿಗ್ಗೆ ಏಳಕ್ಕೆ ವಾಹನ ಹೋಟೆಲಿನ ಬಾಗಿಲಿಗೆ ಬಂದಾಗ ಅದು ನಿಜವಾದ ಕರೆಯೆಂದು ತಿಳಿಯಿತು.

ವಾಹನದಲ್ಲಿ ಮಾಲೀಕರ ಅಣ್ಣನ ಮಗಳೊಬ್ಬಳು ಇದ್ದಳು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು, ವಯಸ್ಸು ನಲವತ್ತರ ಹತ್ತಿರ. ಮಾಲೀಕರು ಆಕೆಗೆ ಚಿಕ್ಕಪ್ಪ. ಆಕೆಯ ತಂದೆ ಆ ವಂಶದ ಹಿರಿಯ ಶಾಖೆಯ ಯಜಮಾನರು. ಅಂದು ಆಕೆಯೇ ನಮಗೆ ದುಭಾಷಿ. ನನ್ನ ಮೊದಲ ಪ್ರಶ್ನೆ, ಅನ್ಯದೇಶೀಯರಾದ ನಮ್ಮ ಉಪಸ್ಥಿತಿಯಿಂದ ಕಾರ್ಯಕ್ಕೆ ಮೈಲಿಗೆಯೇನಾದರೂ ಆಗುವುದೇ ಎಂಬುದು. ಹಾಗೇನೂ ಇಲ್ಲ ಎಂದಳು. ಕೊರಿಯಾದಲ್ಲಿ ವಂಶದ ಮೂಲಮನೆಗೆ ಎರಡು ಕರ್ತವ್ಯಗಳನ್ನು ಪರಂಪರೆಯಿಂದ ಹೇಳುತ್ತಾರಂತೆ: ಪಿತೃಗಳಿಗೆ ಪೂಜೆ ಸಲ್ಲಿಸುವುದು, ಅತಿಥಿಗಳನ್ನು ಬರಮಾಡಿಕೊಳ್ಳುವುದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ನಾಣ್ನುಡಿ ಅವರಲ್ಲಿದೆ. ಸತ್ತವರಿಗೆ ಉಣಬಡಿಸಿ ಬಂದವರನ್ನು ಹಸಿದು ಕಳುಹಿಸಿದರೆ ಮೂಲಮನೆಯ ಮಾನ ಉಳಿಯದು. ನಮ್ಮಲ್ಲಿ ಶ್ರಾದ್ಧದ ಊಟಕ್ಕೆ ಹೊರಗಿನವರನ್ನು ಕರೆಯುವ ಕ್ರಮ ಅನೇಕ ಮನೆಗಳಲ್ಲಿಲ್ಲ. ಕರೆದರೂ ಬರುವವರು ಹಿಂಜರಿಯುತ್ತಾರೆ. ಅಲ್ಲಿ ಅತಿಥಿ ಕಾರ್ಯದ ಒಂದು ಅಂಗ.

ಕೊರಿಯನ್ನರ ಪಿತೃಪೂಜೆ ಸ್ಥೂಲವಾಗಿ ಮೂರು ಬಗೆ. ತೀರಿಕೊಂಡ ತಿಥಿಯಂದು ಮನೆಯಲ್ಲಿ ಮಾಡುವುದು ಒಂದು. ಚಾಂದ್ರಮಾನ ಹೊಸವರ್ಷ ಮತ್ತು ಸುಗ್ಗಿಯ ಹಬ್ಬವಾದ ಚುಸೊಕ್‌ಗಳ ಬೆಳಿಗ್ಗೆ ಮಾಡುವುದು ಇನ್ನೊಂದು. ಮನೆಯಲ್ಲಿ ಸಾಮಾನ್ಯವಾಗಿ ನಾಲ್ಕು ತಲೆಮಾರುಗಳವರೆಗೆ ಪೂಜೆ. ಅದಕ್ಕೂ ಹಿಂದಿನವರನ್ನು ಚಾಂದ್ರಮಾನದ ಹತ್ತನೆಯ ತಿಂಗಳಿನಲ್ಲಿ ಸಮಾಧಿಯ ಬಳಿಯೇ ಇಡೀ ವಂಶದವರು ಕೂಡಿ ಪೂಜಿಸುತ್ತಾರೆ. ಇದಕ್ಕೆ 'ಶಿಜೆ' ಎಂದು ಹೆಸರು. ನಾವು ಹೋದದ್ದು ಇದಕ್ಕೆ. ಈಗ ಎಲ್ಲರೂ ಪಟ್ಟಣಗಳಲ್ಲಿ ನೌಕರಿಯಲ್ಲಿರುವುದರಿಂದ ಎಷ್ಟೋ ವಂಶಗಳು ತಿಥಿಯ ಬದಲು ಭಾನುವಾರವನ್ನೇ ಗೊತ್ತುಮಾಡಿಕೊಂಡಿವೆ.

ದೇಗುವಿನಿಂದ ಉತ್ತರಕ್ಕೆ, ಆಂದೊಂಗ್ ಕಡೆಯ ಗುಡ್ಡಗಳ ನಡುವೆ ಒಂದು ಹಳ್ಳಿ. ಎಲೆ ಉದುರಿದ ಮರಗಳಲ್ಲಿ ಕಿತ್ತಳೆ ಬಣ್ಣದ ಪರ್ಸಿಮನ್ ಹಣ್ಣುಗಳು ಮಾತ್ರ ಉಳಿದಿದ್ದವು. ಗುಡ್ಡದ ಇಳಿಜಾರಿನಲ್ಲಿ ಹುಲ್ಲು ಹೊದಿಸಿದ ದುಂಡನೆಯ ಮಣ್ಣಿನ ದಿಬ್ಬಗಳೇ ಸಮಾಧಿಗಳು. ಪ್ರತಿಯೊಂದರ ಮುಂದೆ ಕಲ್ಲಿನ ಮೇಜು. ಮೊದಲು ಆ ಬೆಟ್ಟದ ದೇವತೆಗೆ ಪ್ರತ್ಯೇಕವಾಗಿ ನೈವೇದ್ಯ ಅರ್ಪಿಸಿದರು. ಆ ನೆಲದ ಒಡೆಯ ಆತ, ನಮ್ಮ ಹಿರಿಯರು ಅಲ್ಲಿ ಬಾಡಿಗೆದಾರರು ಎಂಬಂತೆ! ಅನಂತರ ಕಲ್ಲಿನ ಮೇಜಿನ ಮೇಲೆ ಮೀನು, ಮಾಂಸ, ಅಕ್ಕಿಯ ಕಡುಬು, ಕಾಯಿಪಲ್ಯ, ಹಣ್ಣುಗಳನ್ನು ಸಾಲುಸಾಲಾಗಿ ಜೋಡಿಸಿದರು. ಬಿಳಿಯ ನಿಲುವಂಗಿ, ಕರಿಯ ಟೋಪಿ ಧರಿಸಿದ ಐದಾರು ಹಿರಿಯರು ಮುಂದೆ; ಕೋಟು, ಚಳಿಗಾಲದ ಜಾಕೆಟ್ಟು ತೊಟ್ಟ ನಲವತ್ತು ಐವತ್ತು ಮಂದಿ ಹಿಂದೆ. ಅಕ್ಕಿಯ ಮದ್ಯವನ್ನು ಮೂರು ಬಾರಿ, ಮೂವರು ಬೇರೆ ಬೇರೆ ವ್ಯಕ್ತಿಗಳು ಅರ್ಪಿಸುತ್ತಾರೆ. ಮೊದಲ ಬಟ್ಟಲಿನ ಹಕ್ಕು ವಂಶದ ಹಿರಿಯ ಶಾಖೆಯವನದು. ಆ ಬಳಿಕ ಒಬ್ಬರು ಪ್ರಾಚೀನ ಚೀನೀ ಶೈಲಿಯ ಒಂದು ಪಾಠವನ್ನು ಎಳೆದ ರಾಗದಲ್ಲಿ ಓದಿದರು. ಇಂಥ ಸಂವತ್ಸರ, ಇಂಥ ಮಾಸ, ಇಂಥ ದಿನ, ಇಷ್ಟನೆಯ ತಲೆಮಾರಿನ ಇಂಥವನು ಅರ್ಪಿಸುತ್ತಿದ್ದೇನೆ ಎಂಬ ಅದರ ಒಕ್ಕಣೆ ನಮ್ಮ ಸಂಕಲ್ಪವನ್ನು ನೆನಪಿಸಿತು. ಅದರ ಚಿತ್ರ ತೆಗೆಯಲು ಹೊರಟ ನನ್ನ ಮೊಬೈಲನ್ನು ಆ ಹೆಣ್ಣುಮಗಳು ಮೃದುವಾಗಿ ಕೆಳಗಿಳಿಸಿದಳು.

ನಮಸ್ಕರಿಸುವ ನಿರ್ಬಂಧ ಅತಿಥಿಗಳಿಗಿಲ್ಲ, ಇಚ್ಛೆಯಿದ್ದರೆ ಸೇರಬಹುದು ಎಂದರು. ನಾವಿಬ್ಬರೂ ಸೇರಿದೆವು. ಮಂಡಿಯೂರಿ, ಎರಡೂ ಕೈಗಳನ್ನು ನೆಲಕ್ಕೆ ಊರಿ ಹಣೆ ತಾಗುವಂತೆ ಬಾಗುವ ನಮಸ್ಕಾರ ನಮಗೆ ಕಷ್ಟವಾಗಲಿಲ್ಲ. ಎಡವಿದ್ದು ಅನಂತರ. ಸಮಾಧಿಗೆ ಎರಡು ಬಾರಿ ನಮಸ್ಕರಿಸಿದ್ದನ್ನು ಕಂಡಿದ್ದ ನಮ್ಮ ಉದ್ಯಮಿ ಮಿತ್ರರು, ಕಾರ್ಯ ಮುಗಿದ ಮೇಲೆ ಅಲ್ಲಿಯ ಅತ್ಯಂತ ಹಿರಿಯ ವೃದ್ಧರ ಮುಂದೆ ಹೋಗಿ ಗೌರವದಿಂದ ಎರಡು ಬಾರಿಯೇ ನಮಸ್ಕರಿಸಿದರು. ಕ್ಷಣಕಾಲ ಎಲ್ಲರೂ ಸ್ತಬ್ಧ. ಬದುಕಿರುವವರಿಗೆ ಒಂದು ನಮಸ್ಕಾರ, ಸತ್ತವರಿಗೆ ಎರಡು ಎಂಬುದು ಅಲ್ಲಿಯ ನಿಯಮ! ಆ ವೃದ್ಧರೇ ಮೊದಲು ನಕ್ಕು, "ಸ್ವಲ್ಪ ಮುಂಗಡವಾಗಿ ಪಾವತಿ ಮಾಡಿದ್ದಾರೆ" ಎಂದರಂತೆ. ಸೋಮವಾರದ ಮಾತುಕತೆಯಲ್ಲಿ ಮುಂಗಡ ಹಣದ ವಿಷಯ ಬಂದಾಗಲೆಲ್ಲ ಎರಡೂ ಕಡೆಯವರು ನಗುತ್ತಿದ್ದೆವು.

ವಯಸ್ಸಿಗಿಂತ ತಲೆಮಾರಿಗೆ ಅಲ್ಲಿ ಹೆಚ್ಚಿನ ಮನ್ನಣೆ. ಒಂದೇ ತಲೆಮಾರಿನವರ ಹೆಸರುಗಳಲ್ಲಿ ಸಮಾನವಾದ ಒಂದು ಅಕ್ಷರವಿರುವುದು ವಾಡಿಕೆಯಾದ್ದರಿಂದ ಹೆಸರು ಕೇಳಿದ ಕೂಡಲೇ ಯಾರು ಯಾರಿಗೆ ಏನಾಗಬೇಕೆಂದು ತಿಳಿಯುತ್ತದೆ. ನರೆತ ಕೂದಲಿನವರೊಬ್ಬರು ಮೂವತ್ತರ ಯುವಕನನ್ನು ಚಿಕ್ಕಪ್ಪನೆಂದು ಕರೆಯುತ್ತಿದ್ದರು. ನಮ್ಮ ದೊಡ್ಡ ಮನೆತನಗಳಲ್ಲಿ ಇದೇನೂ ಹೊಸದಲ್ಲ.

ಪೂಜೆಯ ನಂತರದ ಪ್ರಸಾದ ಸ್ವೀಕಾರಕ್ಕೆ 'ಉಂಬೊಕ್' ಎನ್ನುತ್ತಾರೆ. ಅನುಗ್ರಹವನ್ನು ಕುಡಿಯುವುದೆಂದು ಅದರ ಪದಶಃ ಅರ್ಥ. ಸಸ್ಯಾಹಾರಿಯಾದ ನನಗೆ ಚೆಸ್ಟ್‌ನಟ್, ಒಣ ಬೋರೆಹಣ್ಣು, ಪೇರು, ಅನ್ನ ಮತ್ತು ಎರಡು ಬಗೆಯ ಪಲ್ಯ ದೊರೆಯಿತು. ಚೆಸ್ಟ್‌ನಟ್ ಬೀಜ ಮರವಾಗಿ ಬೆಳೆದ ಮೇಲೂ ಬಿತ್ತಿದ ಆ ಮೂಲ ಬೀಜ ಬೇರಿನಲ್ಲಿ ಕೊಳೆಯದೆ ಉಳಿದಿರುತ್ತದೆಂದು ನಂಬುತ್ತಾರೆ. ಅದಕ್ಕೇ ಅದು ಪಿತೃಗಳ ಪೂಜೆಗೆ ಕಡ್ಡಾಯ. ಊಟದ ಕೊನೆಗೆ ಉಳಿದ ನೈವೇದ್ಯವನ್ನೆಲ್ಲ ಚೀಲಗಳಲ್ಲಿ ಹಂಚಿದರು. ಇಬ್ಬರು ಯುವಕರು ಎಣಿಸಿ ಎಣಿಸಿ ಹಾಕುತ್ತಿದ್ದರು. ಹಿರಿಯ ಶಾಖೆ, ಕಿರಿಯ ಶಾಖೆ ಎಂಬ ಭೇದವಿಲ್ಲದೆ ತಲೆಗೊಂದು ಸಮಪಾಲು. ನಮ್ಮಿಬ್ಬರಿಗೂ ಒಂದೊಂದು ಚೀಲ ಬಂದಿತು.

ಇಷ್ಟಾಗುವ ಹೊತ್ತಿಗೆ ವಾಹನಗಳ ಕಡೆ ಹೊರಡಬಹುದೆಂದುಕೊಂಡೆ. ಆದರೆ ಎಲ್ಲರೂ ಹಳ್ಳಿಯಲ್ಲಿದ್ದ ವಂಶದ ಪೂಜಾಮಂದಿರದ ಜಗಲಿಯಲ್ಲಿ ಮತ್ತೆ ಕುಳಿತರು. ಕಾರ್ಯದರ್ಶಿಯೊಬ್ಬರು ಎದ್ದು ಮುದ್ರಿಸಿದ ಹಾಳೆಗಳನ್ನು ಹಂಚಿದರು. ನನಗೂ ಒಂದು ಹಾಳೆ ಸಿಕ್ಕಿತು. ಭಾಷೆ ಬಾರದಿದ್ದರೂ ನೋಡಿದ ಕೂಡಲೇ ಗುರುತು ಸಿಕ್ಕಿತು: ಎಡಗಡೆ ಜಮಾ, ಬಲಗಡೆ ಖರ್ಚು, ಕೆಳಗೆ ಬ್ಯಾಂಕಿನ ಶಿಲ್ಕು. ಅದು ವಂಶದ ವಾರ್ಷಿಕ ಮಹಾಸಭೆ!

ಒಬ್ಬ ಮೂಲಪುರುಷನ ಸಂತತಿಯವರೆಲ್ಲ ಸೇರಿದ ಇಂಥ ಸಂಘಟನೆಗೆ 'ಜೊಂಗ್‌ಜುಂಗ್' ಎಂದು ಹೆಸರು. ಪಿತೃಗಳ ಸಮಾಧಿಯನ್ನು ಕಾಪಾಡುವುದು, ಪೂಜೆ ನಡೆಸುವುದು, ಸದಸ್ಯರ ನಡುವೆ ಸೌಹಾರ್ದ ಬೆಳೆಸುವುದು ಅದರ ಉದ್ದೇಶಗಳು. ಅದಕ್ಕೆ ಬೆಟ್ಟದ ಜಮೀನು, ಪೂಜೆಯ ವೆಚ್ಚಕ್ಕೆಂದು ಮೀಸಲಿಟ್ಟ ಗದ್ದೆ, ಕೆಲವು ವಂಶಗಳಲ್ಲಿ ಪಟ್ಟಣದ ಕಟ್ಟಡ ಕೂಡ ಇರುತ್ತವೆ. ಅಂದಿನ ಹಾಳೆಯಲ್ಲಿ ಗದ್ದೆಯ ಗುತ್ತಿಗೆ, ರಸ್ತೆಗೆ ಹೋದ ಜಮೀನಿನ ಪರಿಹಾರಧನದ ಬಡ್ಡಿ, ಸದಸ್ಯರ ಕಾಣಿಕೆ ಜಮಾ ಬದಿಗೆ. ಸಮಾಧಿಗಳ ಹುಲ್ಲು ಕತ್ತರಿಸಿದ ಕೂಲಿ, ನೈವೇದ್ಯದ ಸಾಮಗ್ರಿ, ಮಂದಿರದ ಹೆಂಚಿನ ರಿಪೇರಿ, ಕಾಲೇಜು ಸೇರಿದ ಮಕ್ಕಳ ವಿದ್ಯಾರ್ಥಿವೇತನ ಖರ್ಚಿನ ಬದಿಗೆ ಇದ್ದವು. ಹೆಂಚಿನ ಬಾಬ್ತು ಹೆಚ್ಚಾಯಿತೆಂದು ಒಬ್ಬರು ಎದ್ದು ಕೇಳಿದರು. ಕಾರ್ಯದರ್ಶಿ ರಸೀದಿಗಳ ಕಡತ ತೆರೆದು ತೋರಿಸಿದರು. ಕೇಳಿದವರು ಕಾರ್ಯದರ್ಶಿಯ ಸ್ವಂತ ತಮ್ಮ. ಇಪ್ಪತ್ತು ನಿಮಿಷಗಳ ಹಿಂದೆ ಒಬ್ಬರ ಪಕ್ಕದಲ್ಲೊಬ್ಬರು ಹಣೆ ನೆಲಕ್ಕೆ ಹಚ್ಚಿದ್ದವರು ರಸೀದಿ ಕೇಳಿದ್ದಕ್ಕೆ ಯಾರ ಮುಖವೂ ಬಾಡಲಿಲ್ಲ. ನಮ್ಮ ಎಷ್ಟು ಕುಟುಂಬಗಳಲ್ಲಿ ಇದು ಸಾಧ್ಯ? ಲೆಕ್ಕ ಕೇಳುವುದೆಂದರೆ ನಂಬಿಕೆ ಇಲ್ಲವೆಂದು ಅರ್ಥಮಾಡಿಕೊಳ್ಳುವ ಮನೆಗಳನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಅಲ್ಲಿಯ ಕಾನೂನು ಈ ಸಂಪ್ರದಾಯಕ್ಕೆ ಕೊಟ್ಟಿರುವ ಸ್ಥಾನವನ್ನೂ ವರ್ತಕ ಬಾಂಧವರು ಗಮನಿಸಬೇಕು. ಕೊರಿಯಾದ ಉತ್ತರಾಧಿಕಾರ ತೆರಿಗೆಯ ಗರಿಷ್ಠ ದರ ಶೇ. 50. ನಮ್ಮಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲಿಯೇ ರದ್ದಾದುದರಿಂದ ಈ ನೋವು ನಮಗೆ ತಿಳಿಯದು. ಅಷ್ಟು ಕಠಿಣವಾದ ಕಾನೂನೂ ಪಿತೃಪೂಜೆಯ ಹೊಣೆ ಹೊತ್ತವನಿಗೆ ಬರುವ ಸಮಾಧಿಯ ಕಾಡನ್ನು 9,900 ಚದರ ಮೀಟರಿನವರೆಗೆ, ಪೂಜೆಯ ವೆಚ್ಚದ ಗದ್ದೆಯನ್ನು 1,980 ಚದರ ಮೀಟರಿನವರೆಗೆ, ಎರಡೂ ಸೇರಿ 20 ಕೋಟಿ ವೊನ್ ಮೌಲ್ಯಕ್ಕೆ ಮೀರದಂತೆ ತೆರಿಗೆಯಿಂದ ಹೊರಗಿಟ್ಟಿದೆ. ವಂಶಾವಳಿ ಗ್ರಂಥ ಮತ್ತು ಪೂಜಾಪಾತ್ರೆಗಳಿಗೆ 1 ಕೋಟಿ ವೊನ್‌ವರೆಗೆ ಪ್ರತ್ಯೇಕ ವಿನಾಯಿತಿ. ಇನ್ನೊಂದು ಸಂಗತಿ. ಅನ್ಯರ ಹೆಸರಿನಲ್ಲಿ ಸ್ಥಿರಾಸ್ತಿ ನೋಂದಾಯಿಸುವುದನ್ನು ಕೊರಿಯಾ 1995ರ ಕಾನೂನಿನಿಂದ ನಿಷೇಧಿಸಿತು. ಆದರೆ ವಂಶದ ಆಸ್ತಿ ಸದಸ್ಯರ ಹೆಸರಿನಲ್ಲಿರುವುದಕ್ಕೂ ಗಂಡ ಹೆಂಡಿರ ನಡುವಿನ ಅಂಥ ನೋಂದಣಿಗೂ, ತೆರಿಗೆ ತಪ್ಪಿಸುವಂಥ ದುರುದ್ದೇಶ ಇರದಿದ್ದರೆ, ರಿಯಾಯಿತಿ ಕೊಟ್ಟಿತು. ನಮ್ಮ ಬೇನಾಮಿ ಕಾನೂನಿನಲ್ಲಿ ಅವಿಭಕ್ತ ಹಿಂದೂ ಕುಟುಂಬಕ್ಕೆ ಇರುವ ವಿನಾಯಿತಿಯ ಸೋದರನೇ ಇದು. ಇದಕ್ಕೆ ಹಿನ್ನೆಲೆಯೂ ಇದೆ. ಜಪಾನೀಯರ ಆಳ್ವಿಕೆಯಲ್ಲಿ 1910ರಿಂದ 1918ರವರೆಗೆ ನಡೆದ ಭೂಮಾಪನದ ವೇಳೆ ವಂಶದ ಜಮೀನುಗಳು ವ್ಯಕ್ತಿಗಳ ಹೆಸರಿಗೆ ದಾಖಲಾದವು. ನಂಬಿ ಹೆಸರು ಕೊಟ್ಟವನ ಮೊಮ್ಮಕ್ಕಳು 'ಇದು ನಮ್ಮದೇ' ಎಂದು ನಿಂತ ಮೊಕದ್ದಮೆಗಳಿಗೆ ಕೊರಿಯಾದ ನ್ಯಾಯಾಲಯಗಳಲ್ಲಿ ಕೊರತೆಯಿಲ್ಲ. ಸಮಾಧಿಯ ಮುಂದೆ ಹಣೆ ಹಚ್ಚುವವರೆಲ್ಲ ಸತ್ಯಸಂಧರೆಂದು ನಾನು ಹೇಳಹೊರಟಿಲ್ಲ.

ಇಷ್ಟರಲ್ಲಿ ಓದುಗರು ಒಂದು ಪ್ರಶ್ನೆ ಕೇಳಿಕೊಂಡಿರಬಹುದು: ಹೆಂಗಸರು ಎಲ್ಲಿದ್ದರು? ನಾನು ಬಹಳ ತಡವಾಗಿ ಕೇಳಿಕೊಂಡೆ. ಗುಡ್ಡದ ಮೇಲೆ ಹಿಂದಿನ ಸಾಲಿನಲ್ಲಿ ಏಳೆಂಟು ಮಂದಿ; ಉಳಿದವರು ಕೆಳಗೆ ಅಡುಗೆಮನೆಯಲ್ಲಿ. ನೈವೇದ್ಯದ ಅರ್ಧವನ್ನು ಈಗ ಅಂಗಡಿಯಿಂದ ತರಿಸುತ್ತಾರೆ. ಉಳಿದರ್ಧ ಸೊಸೆಯಂದಿರ ದುಡಿಮೆ. ಬೇರೆ ವಂಶದಲ್ಲಿ ಹುಟ್ಟಿ ಬಂದವರು ತಮ್ಮದಲ್ಲದ ಪಿತೃಗಳಿಗೆ ಅಡುಗೆ ಮಾಡುತ್ತಾರೆ, ಆ ಪಿತೃಗಳ ಸ್ವಂತ ರಕ್ತದ ಹೆಣ್ಣುಮಕ್ಕಳು ಇನ್ನೊಂದು ಮನೆಯಲ್ಲಿ ಅದನ್ನೇ ಮಾಡುತ್ತಿರುತ್ತಾರೆ. ಹಬ್ಬದ ದಿನಗಳ ಈ ಹೊರೆ ಅಲ್ಲಿ ಮನೆಮನೆಯ ಜಗಳವಾಗಿ ಬೆಳೆದು, ಕೊನೆಗೆ ಕನ್‌ಫ್ಯೂಷಿಯನ್ ಸಂಪ್ರದಾಯದ ಪ್ರಮುಖ ಸಂಸ್ಥೆಯಾದ ಸುಂಗ್‌ಕ್ಯುನ್‌ಕ್ವಾನ್‌ನ ಸಮಿತಿಯೇ 2022ರ ಸೆಪ್ಟೆಂಬರಿನಲ್ಲಿ ಒಂದು ಸರಳ ಮಾದರಿಯನ್ನು ಪ್ರಕಟಿಸಬೇಕಾಯಿತು. ಚುಸೊಕ್ ಪೂಜೆಗೆ ಒಂಬತ್ತು ಬಗೆ ಸಾಕು. ಎಣ್ಣೆಯಲ್ಲಿ ಕರಿದದ್ದು ಬೇಕಿಲ್ಲ. ಕೆಂಪು ಹಣ್ಣು ಪೂರ್ವಕ್ಕೆ, ಬಿಳಿಯದು ಪಶ್ಚಿಮಕ್ಕೆ ಎಂದು ಜನ ಪಾಲಿಸುವ ಜೋಡಣೆಗೆ ಶಾಸ್ತ್ರಗ್ರಂಥಗಳಲ್ಲಿ ಆಧಾರವೇ ಇಲ್ಲ ಎಂದಿತು. ತಲೆಮಾರುಗಳ ಕಾಲ ಬೆಂಕಿಯ ಮುಂದೆ ಬೆವತವರು ಇದನ್ನು ಓದಿ ಏನೆಂದುಕೊಂಡರೋ!

ಹೆಣ್ಣುಮಕ್ಕಳನ್ನು ದೂರವಿಡುವುದೇ ಪುರಾತನ ಸಂಪ್ರದಾಯವೆಂದು ಅಂದು ಮಾಲೀಕರು ನಮಗೆ ಹೇಳಿದರು. ದುಭಾಷಿಯಾಗಿದ್ದ ಆ ಹೆಣ್ಣುಮಗಳು ಅದನ್ನು ಯಥಾವತ್ತಾಗಿ ಅನುವಾದಿಸಿ, "ಇದು ಚಿಕ್ಕಪ್ಪನವರ ಮಾತು. ಈಗ ನನ್ನದು ಹೇಳುತ್ತೇನೆ" ಎಂದು ಮುಂದುವರಿಸಿದಳು. ಆಕೆ ಹೇಳಿದ್ದನ್ನು ಊರಿಗೆ ಬಂದ ಮೇಲೆ ಪುಸ್ತಕಗಳಲ್ಲಿ ತಾಳೆ ನೋಡಿದೆ, ಸರಿಯಾಗಿಯೇ ಇತ್ತು. ಇಂದು ಉಳಿದಿರುವ ಕೊರಿಯಾದ ಅತ್ಯಂತ ಹಳೆಯ ವಂಶಾವಳಿ ಗ್ರಂಥ ಆಂದೊಂಗ್ ಕ್ವೊನ್ ವಂಶದ್ದು, 1476ರದು. ಅದರಲ್ಲಿ ಗಂಡು ಹೆಣ್ಣುಗಳನ್ನು ಹುಟ್ಟಿದ ಕ್ರಮದಲ್ಲೇ ಬರೆದಿದ್ದಾರೆ. ಮಗಳ ಸಂತತಿಯೂ ಅದರಲ್ಲಿದೆ. 1485ರಲ್ಲಿ ಜಾರಿಗೆ ಬಂದ ಜೊಸೊನ್ ರಾಜ್ಯದ ಮಹಾಸಂಹಿತೆ ತಂದೆತಾಯಿಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು ವಿಧಿಸಿತ್ತು. ಪಿತೃಪೂಜೆಯನ್ನು ಮಕ್ಕಳು, ಹೆಣ್ಣುಮಕ್ಕಳೂ ಸೇರಿ, ಸರದಿಯ ಮೇಲೆ ನಡೆಸುತ್ತಿದ್ದರು. ಪಾಲೂ ಸಮ, ಹೊಣೆಯೂ ಸಮ. ಬದಲಾದದ್ದು ಹದಿನೇಳನೆಯ ಶತಮಾನದಲ್ಲಿ. ಬುಆನ್ ಕಿಮ್ ವಂಶದ 1669ರ ಒಂದು ದಸ್ತಾವೇಜಿನಲ್ಲಿ ತಂದೆ ಬರೆಯುತ್ತಾನೆ: ಅಳಿಯಂದಿರ ಮನೆಗಳಲ್ಲಿ ಪೂಜೆ ಸರಿಯಾಗಿ ನಡೆಯುತ್ತಿಲ್ಲ, ಆದ್ದರಿಂದ ಇನ್ನು ಹೆಣ್ಣುಮಕ್ಕಳಿಗೆ ಪೂಜೆಯ ಸರದಿ ಇಲ್ಲ, ಅದಕ್ಕೆ ತಕ್ಕಂತೆ ಆಸ್ತಿಯಲ್ಲಿ ಅವರಿಗೆ ಮೂರರಲ್ಲಿ ಒಂದು ಪಾಲು ಮಾತ್ರ. ನಮ್ಮ ಪಾಲುಪಟ್ಟಿಗಳನ್ನು ನೂರಾರು ಓದಿರುವ ನನಗೆ ಈ ಒಕ್ಕಣೆಯ ಜಾಣ್ಮೆ ಅರ್ಥವಾಯಿತು. ಮೊದಲು ಹೊಣೆಯನ್ನು ಕಿತ್ತುಕೊಳ್ಳುವುದು, ಅನಂತರ ಹೊಣೆ ಇಲ್ಲವೆಂದು ಪಾಲನ್ನು ಇಳಿಸುವುದು!

ಅದರ ಫಲ ನಮ್ಮ ಕಾಲದವರೆಗೆ ಬಂದಿತು. ಯೊಂಗಿನ್ ಯಿ ಎಂಬ ವಂಶದ ಒಂದು ಶಾಖೆ 1990ರ ದಶಕದ ಕೊನೆಯಲ್ಲಿ ತನ್ನ ಬೆಟ್ಟದ ಜಮೀನನ್ನು ಮಾರಿತು. ಬಂದ ಭಾರಿ ಮೊತ್ತವನ್ನು ಹಂಚುವಾಗ ವಯಸ್ಕ ಗಂಡಸರಿಗೆ ದೊಡ್ಡ ಪಾಲು, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ತೀರ ಚಿಕ್ಕ ಮೊತ್ತ. ವಂಶದ ಸದಸ್ಯತ್ವವೇ ವಯಸ್ಕ ಗಂಡಸರಿಗೆ ಮಾತ್ರ ಎಂಬುದು ಅಲ್ಲಿಯವರೆಗಿನ ರೂಢಿಯ ಕಾನೂನು. ಹೆಣ್ಣುಮಕ್ಕಳು ನ್ಯಾಯಾಲಯಕ್ಕೆ ಹೋದರು, ಕೆಳಗಿನ ನ್ಯಾಯಾಲಯಗಳಲ್ಲಿ ಸೋತರು. ಕೊರಿಯಾದ ಸರ್ವೋಚ್ಚ ನ್ಯಾಯಾಲಯ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ, 2003ರಲ್ಲಿ, ಸಾರ್ವಜನಿಕವಾಗಿ ವಾದ ಆಲಿಸಿದ್ದು ಈ ಮೊಕದ್ದಮೆಯಲ್ಲಿ. 2005ರ ಜುಲೈ 21ರಂದು ತೀರ್ಪು ಬಂದಿತು: ಮೂಲಪುರುಷನ ಸಂತತಿಯವರೆಲ್ಲರೂ, ಗಂಡು ಹೆಣ್ಣೆಂಬ ಭೇದವಿಲ್ಲದೆ, ವಯಸ್ಕರಾದ ಕೂಡಲೇ ತಾವಾಗಿಯೇ ವಂಶದ ಸದಸ್ಯರು.

ನಮ್ಮ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾನೂನು ಜಾರಿಗೆ ಬಂದದ್ದು ಅದೇ 2005ರ ಸೆಪ್ಟೆಂಬರ್ 9ರಂದು. ನಡುವೆ ಏಳು ವಾರಗಳ ಅಂತರ! ಒಬ್ಬರನ್ನೊಬ್ಬರು ನೋಡಿ ಮಾಡಿದ್ದಲ್ಲ. ಕರ್ನಾಟಕವಂತೂ 1994ರಲ್ಲಿಯೇ ಅವಿವಾಹಿತ ಹೆಣ್ಣುಮಕ್ಕಳಿಗೆ ಸಮಾನ ಪಾಲುದಾರಿಕೆ ಕೊಟ್ಟಿತ್ತು. ತಂದೆ 2005ರ ಹೊತ್ತಿಗೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟಿನಲ್ಲಿ ಪರಿಹರಿಸಿ, ಮಗಳ ಹಕ್ಕು ಹುಟ್ಟಿನಿಂದಲೇ ಎಂದಿತು. ಕುಟುಂಬದ ಹಿರಿಯ ಹೆಣ್ಣುಮಗಳು ಕರ್ತಾ ಆಗಬಹುದೆಂದು ದೆಹಲಿ ಉಚ್ಚ ನ್ಯಾಯಾಲಯ 2015ರಲ್ಲಿ ಹೇಳಿತು. ಕೊರಿಯಾದಲ್ಲಿ 2023ರ ಮೇ 11ರ ತೀರ್ಪು ಇದಕ್ಕೆ ಸಂವಾದಿ: ಸಹಜ ಉತ್ತರಾಧಿಕಾರಿಗಳಲ್ಲಿ ಒಪ್ಪಂದವಾಗದಿದ್ದರೆ ಪಿತೃಪೂಜೆಯ ಯಜಮಾನಿಕೆ ಹಿರಿಯ ಮಗನಿಗೇ ಎಂಬ 2008ರ ನಿಲುವನ್ನು ಕೈಬಿಟ್ಟು, ಅತ್ಯಂತ ಹತ್ತಿರದ ಸಂತತಿಯಲ್ಲಿ ಗಂಡಾಗಲಿ ಹೆಣ್ಣಾಗಲಿ ವಯಸ್ಸಿನಲ್ಲಿ ಹಿರಿಯರಾದವರಿಗೆ ಎಂದರು.

ಆ ತೀರ್ಪು ಬಂದು ಆರು ತಿಂಗಳಾಗಿತ್ತು, ನಾವು ಆ ಜಗಲಿಯಲ್ಲಿ ಕುಳಿತಾಗ. ಲೆಕ್ಕ ಅಂಗೀಕಾರವಾದ ಮೇಲೆ ಕೊನೆಯ ವಿಷಯ ಬಂದಿತು. ಹಿರಿಯ ಶಾಖೆಯ ಯಜಮಾನರಿಗೆ ಎಪ್ಪತ್ತು ದಾಟಿದೆ, ಮಗನಿಲ್ಲ, ಇಬ್ಬರು ಹೆಣ್ಣುಮಕ್ಕಳು. ಮುಂದೆ ಮೊದಲ ಬಟ್ಟಲು ಯಾರ ಕೈಗೆ? ಹಿಂದಿನ ಕಾಲವಾದರೆ ತಮ್ಮನ ಮಗನನ್ನು ದತ್ತು ತೆಗೆದುಕೊಳ್ಳುತ್ತಿದ್ದರು. ನಮ್ಮ ದುಭಾಷಿ ಅಷ್ಟರಲ್ಲಿ ಅನುವಾದ ನಿಲ್ಲಿಸಿದ್ದಳು. ಚರ್ಚೆ ಆಕೆಯನ್ನು ಕುರಿತದ್ದೆಂದು ನಮಗೆ ತಿಳಿಯಲು ಸ್ವಲ್ಪ ಸಮಯ ಹಿಡಿಯಿತು. ಆಕೆ ಎದ್ದು ಎರಡೇ ಮಾತು ಹೇಳಿ ಕುಳಿತಳು. ಏನೆಂದು ಹಿಂದಿರುಗುವ ದಾರಿಯಲ್ಲಿ ಕೇಳಿದೆ. "ಬಟ್ಟಲು ನನಗೆ ಕೊಟ್ಟರೆ ಹುಲ್ಲು ಕತ್ತರಿಸುವ ಕೂಲಿಯ ಲೆಕ್ಕವನ್ನೂ ನಾನೇ ನೋಡುತ್ತೇನೆ ಎಂದೆ. ಕೊಡದಿದ್ದರೆ ಅಡುಗೆಮನೆಗೂ ನನ್ನನ್ನು ಕರೆಯಬೇಡಿ ಎಂದೆ" ಎಂದಳು. ಸಭೆ ವಿಷಯವನ್ನು ಮುಂದಿನ ವರ್ಷಕ್ಕೆ ಮುಂದೂಡಿತು. ನಡಾವಳಿಯಲ್ಲಿ ಆಕೆಯ ಮಾತು ದಾಖಲಾಯಿತು. ದಾಖಲಿಸಬೇಕೆಂದು ಸೂಚಿಸಿದವರು, ಎರಡು ನಮಸ್ಕಾರ ಪಡೆದ ಆ ವೃದ್ಧರು.

ನನ್ನ ಅಭಿಪ್ರಾಯ ಇಷ್ಟು. ಕಾನೂನು ನಮ್ಮಲ್ಲೂ ಅಲ್ಲೂ ಒಂದೇ ದಿಕ್ಕಿಗೆ ಬಂದಿದೆ, ಆದರೆ ಕಾನೂನಿಗೆ ನಾವು ಕೊಟ್ಟ ಉತ್ತರ ಬೇರೆ. ನಮ್ಮ ವರ್ತಕ ಕುಟುಂಬಗಳಲ್ಲಿ 2005ರ ನಂತರ ಹೆಚ್ಚಿದ್ದು ಕುಟುಂಬ ಸಭೆಗಳಲ್ಲ, ಹಕ್ಕು ಬಿಡುಗಡೆ ಪತ್ರಗಳು. ಹಬ್ಬಕ್ಕೆಂದು ತವರಿಗೆ ಬಂದ ಹೆಣ್ಣುಮಗಳಿಗೆ ಸೀರೆ ಕೊಟ್ಟು, ಊಟವಾದ ಮೇಲೆ ಛಾಪಾ ಕಾಗದ ಮುಂದಿಟ್ಟು, 'ಇಲ್ಲಿ ಒಂದು ಸಹಿ ಹಾಕಮ್ಮಾ' ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅಂಥ ಪತ್ರಗಳ ಒಕ್ಕಣೆಗೆ ಸಲಹೆ ಕೊಟ್ಟು ಶುಲ್ಕವನ್ನೂ ಪಡೆದಿದ್ದೇನೆ. ಕಾನೂನಿನ ದೃಷ್ಟಿಯಿಂದ ಅವು ಲೋಪವಿಲ್ಲದ ಪತ್ರಗಳೇ. ಆದರೆ ಆ ಮಗಳಿಗೆ ತಾನು ಬಿಟ್ಟುಕೊಡುತ್ತಿರುವುದು ಏನು, ಎಷ್ಟು ಎಂದು ತೋರಿಸುವ ಒಂದು ಆಢಾವೆ ಪತ್ರಿಕೆಯನ್ನು ಪತ್ರದೊಡನೆ ಇಟ್ಟವರು ನನ್ನ ಅನುಭವದಲ್ಲಿ ಇಬ್ಬರೋ ಮೂವರೋ. ಅವಿಭಕ್ತ ಕುಟುಂಬ ನಮ್ಮಲ್ಲನೇಕರಿಗೆ ಇನ್ನೊಂದು ಪ್ಯಾನ್ ಸಂಖ್ಯೆಯಾಗಿ ಮಾತ್ರ ಉಳಿದಿದೆ. ತೆರಿಗೆ ವಿವರಪಟ್ಟಿ ಇಲಾಖೆಗೆ ಪ್ರತಿವರ್ಷ ಹೋಗುತ್ತದೆ, ಕುಟುಂಬದ ಸದಸ್ಯರಿಗೆ ಒಮ್ಮೆಯೂ ಹೋಗುವುದಿಲ್ಲ. ಕರ್ತಾ ಹಿಂದಿನ ವ್ಯವಹಾರಗಳ ಲೆಕ್ಕ ಒಪ್ಪಿಸಲು, ವಂಚನೆಯ ಆರೋಪ ಇಲ್ಲದಿದ್ದರೆ, ಬದ್ಧನಲ್ಲ ಎಂಬ ಹಳೆಯ ನಿಯಮವನ್ನು ಹಿರಿಯರು ಬಲವಾಗಿ ಹಿಡಿದಿದ್ದಾರೆ. ಒಪ್ಪಿಸಬೇಕಿಲ್ಲ ಎಂದರೆ ಒಪ್ಪಿಸಬಾರದು ಎಂದು ಅರ್ಥವಲ್ಲವಲ್ಲ!

ಎದುರುವಾದವೂ ಇದೆ, ಅದನ್ನು ಮುಚ್ಚಿಡಬಾರದು. ಬ್ಯಾಂಕಿಗೆ ವೈಯಕ್ತಿಕ ಜಾಮೀನು ಹಾಕಿದವರು ಗಂಡುಮಕ್ಕಳು, ಕಾರ್ಮಿಕರ ಮುಷ್ಕರದಲ್ಲಿ ರಾತ್ರಿ ಕಾರ್ಖಾನೆಯ ಬಾಗಿಲಲ್ಲಿ ನಿಂತವರು ಅವರು. ಹೊಣೆ ಇಲ್ಲದೆ ಪಾಲು ಹೇಗೆ ಎಂದು ತಂದೆಯರು ನನ್ನನ್ನು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಆದರೆ ಹೊಣೆಯನ್ನು ಆಕೆಗೆ ಎಂದಾದರೂ ಕೊಟ್ಟು ನೋಡಿದ್ದೀರಾ ಎಂದು ಮರುಪ್ರಶ್ನೆ ಹಾಕಿದರೆ 1669ರ ಆ ತಂದೆಯ ಮಾತೇ ಉತ್ತರವಾಗಿ ಬರುತ್ತದೆ.

ಕೊರಿಯಾದ ಈ ವ್ಯವಸ್ಥೆ ಎಷ್ಟು ಕಾಲ ನಿಲ್ಲುವುದೋ ಹೇಳಲಾಗದು. 1990ರ ದಶಕದ ಆರಂಭದಲ್ಲಿ ಸತ್ತ ಐವರಲ್ಲಿ ಸುಮಾರು ಒಬ್ಬರನ್ನು ದಹಿಸುತ್ತಿದ್ದ ದೇಶದಲ್ಲಿ ಇಂದು ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ದಹನ. ಹೊಸ ಸಮಾಧಿಗಳ ಅವಧಿಗೂ ಕಾನೂನಿನ ಮಿತಿ ಬಂದಿದೆ. 2023ರಲ್ಲಿ ಅಲ್ಲಿಯ ಒಟ್ಟು ಫಲವತ್ತತೆಯ ದರ 0.72, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಒಂದು ಮಗುವೂ ಇಲ್ಲ. ಮಗನಿಗಾಗಿ ಕಾಯುವ ವಂಶಗಳು ಮಗಳನ್ನೂ ಕಳೆದುಕೊಳ್ಳುವ ಸ್ಥಿತಿ. ಆ ಜಗಲಿಯಲ್ಲಿದ್ದ ಎಲ್ಲರಿಗೂ ಇದು ತಿಳಿದಿತ್ತು; ಅಲ್ಲಿ ನಾನು ಎಣಿಸಿದ ಮಕ್ಕಳು ಮೂರೇ.

ಮಂಗಳವಾರ ಒಪ್ಪಂದಕ್ಕೆ ಸಹಿಯಾಯಿತು. ಹಿಂದಿರುಗುವ ವಿಮಾನದಲ್ಲಿ ನಮ್ಮ ಉದ್ಯಮಿ ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು. ಅವರಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮಗಳು ಮದುವೆಗೆ ಮುಂಚೆ ನಾಲ್ಕು ವರ್ಷ ಕಾರ್ಖಾನೆಯ ಖರೀದಿ ವಿಭಾಗ ನೋಡಿಕೊಂಡಿದ್ದಳು. ಆಕೆಯ ಹಕ್ಕು ಬಿಡುಗಡೆ ಪತ್ರದ ಕರಡು, ಪ್ರಯಾಣಕ್ಕೆ ಮುಂಚೆಯೇ ಸಿದ್ಧವಾಗಿ, ನನ್ನ ಕಚೇರಿಯ ಕಡತದಲ್ಲಿತ್ತು. "ಆಡಿಟರೇ, ಸಹಿ ಮಾಡಿಸುವುದು ಬಿಡುವುದು ಆಮೇಲೆ. ಮೊದಲು ಮೂವರನ್ನೂ ಕೂರಿಸಿ ಲೆಕ್ಕ ಓದಿಬಿಡಿ" ಎಂದರು.

2024ರ ಯುಗಾದಿಯ ಮರುದಿನ ಅವರ ಮನೆಯಲ್ಲಿ ಓದಿದೆ. ಗಂಡುಮಕ್ಕಳಿಬ್ಬರೂ ಗಡಿಯಾರ ನೋಡುತ್ತಿದ್ದರು. ಮಗಳು ಹಾಳೆಯನ್ನು ಎರಡು ಬಾರಿ ಓದಿ, ಹಿರಿಯ ಅಣ್ಣನ ಹೆಸರಿನಲ್ಲಿ ಕುಟುಂಬದಿಂದ ಹೋಗಿರುವ ಸಾಲಕ್ಕೆ ಆರು ವರ್ಷಗಳಿಂದ ಬಡ್ಡಿ ಏಕೆ ಜಮಾ ಆಗಿಲ್ಲವೆಂದು ಕೇಳಿದಳು. ಲೆಕ್ಕ ಬರೆದವನು ನಾನೇ ಆದ್ದರಿಂದ ಎಲ್ಲರೂ ನನ್ನ ಮುಖ ನೋಡಿದರು.